ಲೈಕೋರೈಸ್ ಎಂಬ ಅಕ್ಕಿ

ಹೃದಯದ ಕಾಯಿಲೆಯಿಂದ ಎದ್ದು ಬಂದವರು ಬರೆದದ್ದನ್ನು ಅಲ್ಲಿ ಇಲ್ಲಿ ಓದಿದ್ದೇನೆ. ಎಲ್ಲರಿಗೂ ದೇವರಂಥ ಡಾಕ್ಟರು, ತಾಯಿಯಂಥ ನರ್ಸು, ಕಣ್ಣೀರು ಹಾಕುವ ನೆಂಟರು ಸಿಕ್ಕಿರುತ್ತಾರೆ. ಎಲ್ಲರೂ ಆಸ್ಪತ್ರೆಯಿಂದ ಬರುವಾಗ ಮೊದಲಿಗಿಂತ ಒಳ್ಳೆಯವರಾಗಿ ಬಂದಿರುತ್ತಾರೆ. ನನಗೆ ಅವರ ಯಾರ ಮೇಲೂ ನಂಬಿಕೆಯಿಲ್ಲ. ನಾನು ಕಾಯಿಲೆಯ ಉದ್ದಕ್ಕೂ ಸಿಡಿಮಿಡಿಗುಟ್ಟುತ್ತಲೇ ಇದ್ದೆ, ಕಂಡವರನ್ನೆಲ್ಲ ಮನಸ್ಸಿನಲ್ಲೇ ಜರೆಯುತ್ತಿದ್ದೆ, ಈಗಲೂ ಅಷ್ಟೇನೂ ಸುಧಾರಿಸಿಲ್ಲ. ನನ್ನಂಥ ಕೆಟ್ಟ ರೋಗಿಗಳೂ ಇರುತ್ತಾರಲ್ಲ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಶಿಕಾರಿಪುರದ ಒಂದು ನರ್ಸಿಂಗ್ ಶಾಲೆಯಲ್ಲಿ ಔಷಧಶಾಸ್ತ್ರ ಕಲಿಸುತ್ತೇನೆ. ಇಪ್ಪತ್ತೆರಡು ವರ್ಷವಾಯಿತು. ಪುಸ್ತಕ ಇಂಗ್ಲಿಷಿನಲ್ಲಿ, ಹುಡುಗಿಯರು ಕನ್ನಡದಲ್ಲಿ, ನಡುವೆ ನಾನು. ಹೃದಯದ ಔಷಧಗಳ ಪಾಠ ಬಂತೆಂದರೆ ನನಗೆ ಎಲ್ಲಿಲ್ಲದ ಹುಮ್ಮಸ್ಸು. ಡಿಗಾಕ್ಸಿನ್ ಎಂಬ ಮಾತ್ರೆ ಕೊಡುವ ಮೊದಲು ರೋಗಿಯ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು, ಅರವತ್ತಕ್ಕಿಂತ ಕಡಿಮೆ ಇದ್ದರೆ ಮಾತ್ರೆ ಕೊಡದೆ ಡಾಕ್ಟರಿಗೆ ತಿಳಿಸಬೇಕು. ಇದನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬೇಕು ಎಂದು ತಾಕೀತು ಮಾಡುತ್ತಿದ್ದೆ. ಆ ಮಾತ್ರೆ ಮೈಯಲ್ಲಿ ಹೆಚ್ಚಾದರೆ ವಾಕರಿಕೆ ಬರುತ್ತದೆ, ಕಂಡದ್ದೆಲ್ಲ ಹಳದಿಯಾಗಿ ಕಾಣುತ್ತದೆ. ಅದಕ್ಕೆಂದೇ ಬೋರ್ಡಿನ ಮೇಲೆ ಹಳದಿ ಚಾಕ್‌ಪೀಸಿನಲ್ಲಿ ಒಂದು ಕಣ್ಣು ಬರೆಯುತ್ತಿದ್ದೆ. ಪಾಠದ ಕೊನೆಗೆ, ಈ ಮಾತ್ರೆ ನುಂಗುವವರು ಏನೇನು ತಿನ್ನಬಾರದು ಎಂಬ ಪಟ್ಟಿ. ಆ ಪಟ್ಟಿಯಲ್ಲಿ ಲೈಕೋರೈಸ್ ಎಂಬ ಒಂದು ಹೆಸರಿತ್ತು.

ಅದೇನು ಎಂದು ನನಗೆ ಗೊತ್ತಿರಲಿಲ್ಲ. ರೈಸ್ ಎಂದಿರುವುದರಿಂದ ಅಕ್ಕಿಯೇ ಇರಬೇಕು ಎಂದುಕೊಂಡಿದ್ದೆ. ಮೊದಲ ವರ್ಷ ಯಾರೋ ಕೇಳಿದಾಗ, "ಅದು ಫಾರಿನ್ ಕಡೆ ಬೆಳೆಯೋ ಒಂದು ಜಾತಿ ಅಕ್ಕಿ, ನಮ್ಮ ಕಡೆ ಸಿಗಲ್ಲ, ಬರ್ಕೊಳ್ಳಿ" ಎಂದುಬಿಟ್ಟೆ. ಗೊತ್ತಿಲ್ಲ ಎಂದು ಹುಡುಗಿಯರ ಮುಂದೆ ಹೇಳುವ ಅಭ್ಯಾಸ ನನಗಿರಲಿಲ್ಲ. ಹೇಳಿದ ಮೇಲೆ ನನಗೂ ಅದು ನಿಜವೇ ಆಗಿಹೋಯಿತು. ಪರೀಕ್ಷೆಯಲ್ಲಿ ಒಬ್ಬಳು "ರೋಗಿಗೆ ಅನ್ನ ಕೊಡಬಾರದು, ರೊಟ್ಟಿ ಕೊಡಬೇಕು" ಎಂದು ಬರೆದಿದ್ದಳು. ಆ ಪೇಪರನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿ ನಕ್ಕಿದ್ದೆ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ಮೇಲಿನ ಮಹಡಿಯ ತರಗತಿಗೆ ಹತ್ತುವಾಗ ಏದುಸಿರು ಬರತೊಡಗಿತು. ಮೆಟ್ಟಿಲು ಕಟ್ಟಿದ ಮೇಸ್ತ್ರಿಯನ್ನು ಬೈದುಕೊಂಡೆ. ಸಂಜೆ ಕಾಲು ಊದಿಕೊಳ್ಳುತ್ತಿತ್ತು, ಚಪ್ಪಲಿಯನ್ನು ಬೈದೆ. ಎದೆಯೊಳಗೆ ಏನೋ ತಾಳ ತಪ್ಪಿ ಬಡಿಯುತ್ತಿತ್ತು. ಇಷ್ಟೂ ಲಕ್ಷಣವನ್ನು ಒಬ್ಬ ವಿದ್ಯಾರ್ಥಿನಿ ಬರೆದಿದ್ದರೆ ಕಾಯಿಲೆಯ ಹೆಸರು ತಕ್ಷಣ ಹೇಳುತ್ತಿದ್ದೆ. ನನ್ನ ಮೈಯಾದ್ದರಿಂದ ಹೇಳಲಿಲ್ಲ. ಕೊನೆಗೆ ನಮ್ಮನೆಯವರೇ ಪಂಪ್‌ಸೆಟ್ ರಿಪೇರಿ ಅಂಗಡಿಗೆ ಬಾಗಿಲು ಹಾಕಿಕೊಂಡು ಬಂದರು.

"ಮೋಟ್ರು ಬಿಟ್ಟು ಬಿಟ್ಟು ಓಡಿದ್ರೆ ಹೊರಗ ತೆಗೆದು ನೋಡ್ಬೇಕಾಗ್ತೈತಿ. ನಡಿ ಶಿವಮೊಗ್ಗಕ್ಕೆ," ಅಂದರು.

"ನಾನೇನು ಮೋಟ್ರೇನ್ರೀ?"

"ಮೋಟ್ರಾಗಿದ್ರೆ ಇಷ್ಟು ಬಾಯಿ ಮಾಡ್ತಿರ್ಲಿಲ್ಲ."

ಶಿವಮೊಗ್ಗದ ಹೃದಯದ ಡಾಕ್ಟರ ಕಾಯುವ ಕೋಣೆಯಲ್ಲಿ ಐದು ಗಂಟೆ ಕೂತೆವು. ನನ್ನ ಎಡಕ್ಕಿದ್ದ ಈಸೂರಿನ ಹೆಂಗಸು ತನ್ನ ಮಾತ್ರೆಗಳನ್ನೆಲ್ಲ ಒಂದೇ ಎಲೆ‌ಅಡಿಕೆ ಚೀಲಕ್ಕೆ ಸುರಿದುಕೊಂಡು ಬಂದಿದ್ದಳು. ಹೆಸರು ಕೇಳಿದರೆ, "ಬಿಳೇದು ಬೆಳಿಗ್ಗೆ, ಗುಲಾಬಿದು ಸಂಜಿಗೆ, ಹಳದಿದು ನೆನಪಾದಾಗ" ಅಂದಳು. ಬಲಕ್ಕಿದ್ದವನು ತನ್ನ ಇಸಿಜಿ ಕಾಗದವನ್ನು ಎಕ್ಸ್‌ರೇ ಹಾಗೆ ಕಿಟಕಿ ಬೆಳಕಿಗೆ ಹಿಡಿದು ನೋಡುತ್ತಿದ್ದ. ಈ ಜನ ಸಾಯದೆ ಉಳಿದಿರುವುದೇ ಹೆಚ್ಚು ಎಂದುಕೊಂಡೆ. ಈಸೂರಿನ ಹೆಂಗಸು ನನ್ನ ಊದಿದ ಕಾಲು ನೋಡಿ ತನ್ನ ದೊಡ್ಡ ಬಟ್ಟೆಚೀಲವನ್ನು ನೆಲಕ್ಕಿಟ್ಟು, ಕಾಲನ್ನು ಅದರ ಮೇಲೆ ಎತ್ತಿ ಇಟ್ಟುಕೊಳ್ಳಲು ಹೇಳಿದಳು. ಇಟ್ಟುಕೊಂಡೆ. ಹಿತವೆನಿಸಿತು, ಆದರೆ ಅವಳಿಗೆ ಹಾಗೆಂದು ಹೇಳಲಿಲ್ಲ.

ಡಾಕ್ಟರು ನನ್ನ ಮುಖ ನೋಡಲಿಲ್ಲ, ಫೈಲಿನ ಮುಖ ನೋಡಿದರು. ಹೃದಯ ದೊಡ್ಡದಾಗಿದೆ, ಬಡಿತ ಅಡ್ಡಾದಿಡ್ಡಿಯಾಗಿದೆ, ಜೀವಮಾನವಿಡೀ ಮಾತ್ರೆ ಬೇಕು ಅಂದರು. ನಾನು ನರ್ಸಿಂಗ್ ಟೀಚರ್ ಎಂದೆ. "ಗುಡ್, ಹಾಗಾದ್ರೆ ನಿಮಗೆ ಏನೂ ಹೇಳ್ಬೇಕಾಗಿಲ್ಲ," ಎಂದು ಮುಂದಿನ ಹೆಸರು ಕೂಗಿಸಿದರು. ಆಗ ನನಗೆ ಹೆಮ್ಮೆಯಾಯಿತು. ಏನೂ ಹೇಳಬೇಕಾಗಿಲ್ಲ ಎಂಬ ಆ ಮಾತನ್ನು ಮನೆಗೆ ಬಂದು ನಾಲ್ಕು ಜನಕ್ಕೆ ಹೇಳಿಕೊಂಡೆ.

ಹೀಗೆ ನನ್ನ ಪಾಠದ ಪುಟಗಳೆಲ್ಲ ನನ್ನ ಹೊಟ್ಟೆಗೆ ಬಂದವು. ಬಡಿತ ಹದ ಮಾಡಲು ಡಿಗಾಕ್ಸಿನ್, ಊತ ಇಳಿಸಲು ನೀರಿನ ಮಾತ್ರೆ, ರಕ್ತ ತೆಳ್ಳಗಿಡಲು ಒಂದು, ಹೃದಯದ ಹೊರೆ ಇಳಿಸಲು ರಾಮಿಪ್ರಿಲ್. ನೀರಿನ ಮಾತ್ರೆ ನುಂಗಿದರೆ ಬೆಳಿಗ್ಗೆ ಮೂರು ತಾಸು ಬಚ್ಚಲು ಬಿಟ್ಟು ಕದಲುವಂತಿಲ್ಲ. "ರೋಗಿಗೆ ಆಗಾಗ ಮೂತ್ರಕ್ಕೆ ಹೋಗಬೇಕಾಗಬಹುದು ಎಂದು ಮೊದಲೇ ತಿಳಿಸಿ" ಎಂದು ಒಂದೇ ಸಾಲಿನಲ್ಲಿ ಬರೆಸುತ್ತಿದ್ದೆ. ಅದರಲ್ಲಿ ಎಷ್ಟು ಮುಜುಗರ ಇದೆ ಎಂದು ಆ ಪುಸ್ತಕ ಬರೆದವನಿಗೂ ಗೊತ್ತಿರಲಿಕ್ಕಿಲ್ಲ.

ನೋಡಲು ಬಂದವರ ಬಗ್ಗೆ ಹೇಳದಿರುವುದೇ ಒಳ್ಳೆಯದು, ಆದರೂ ಹೇಳುತ್ತೇನೆ. ಎಲ್ಲರೂ ಎಳನೀರು ತಂದರು. ಎಲ್ಲರಿಗೂ ಹೀಗೇ ಆಗಿ ಹೋಗಿಬಿಟ್ಟ ಒಬ್ಬ ನೆಂಟ ಇದ್ದ, ಆ ನೆಂಟನ ಕೊನೆಯ ದಿನಗಳನ್ನು ವಿವರವಾಗಿ ಹೇಳಿ, ಎರಡು ಲೋಟ ಚಹಾ ಕುಡಿದು, "ಧೈರ್ಯವಾಗಿರ್ರೀ" ಎಂದು ಎದ್ದು ಹೋದರು. ನಾನು ಧೈರ್ಯವಾಗಿರಲಿಲ್ಲ. ಮಲಗಿದಾಗ ಕಿವಿಯೊಳಗೆ ನನ್ನದೇ ಎದೆಬಡಿತ ಕೇಳಿಸುತ್ತಿತ್ತು, ಒಂದು ಬಡಿತ ತಪ್ಪಿದರೆ ಮುಂದಿನದು ಬರುವವರೆಗೆ ಉಸಿರು ಹಿಡಿದುಕೊಂಡಿರುತ್ತಿದ್ದೆ. ಇದನ್ನು ಯಾರಿಗೂ ಹೇಳಲಿಲ್ಲ. ಪಾಠ ಹೇಳುವವಳು ಹೆದರಿದರೆ ಮರ್ಯಾದೆಯಲ್ಲ ಎಂದುಕೊಂಡಿದ್ದೆ.

ಆಮೇಲೆ ಕೆಮ್ಮು ಶುರುವಾಯಿತು. ಒಣಕೆಮ್ಮು, ಗಂಟಲಲ್ಲಿ ಹುಲ್ಲುಕಡ್ಡಿ ಸಿಕ್ಕಿಕೊಂಡ ಹಾಗೆ. ಅದು ರಾಮಿಪ್ರಿಲ್ ಮಾತ್ರೆಯ ಕೆಮ್ಮು ಎಂದು ನನಗೆ ಮೊದಲ ದಿನವೇ ಗೊತ್ತಾಯಿತು. ಶಿವಮೊಗ್ಗಕ್ಕೆ ಫೋನ್ ಮಾಡಿದರೆ ಎತ್ತಿದ ಹುಡುಗಿ, ಮುಂದಿನ ತಿಂಗಳು ಬರುವಾಗ ಡಾಕ್ಟರಿಗೆ ಹೇಳಿ ಅಂದಳು. ಇಂಥವಳ ಹತ್ತಿರ ಯಾರು ಅಂಗಲಾಚುತ್ತಾರೆ ಎಂದು ಫೋನ್ ಇಟ್ಟೆ.

ಸೊರಬದಲ್ಲಿರುವ ನನ್ನ ಅಕ್ಕ ಗಿರಿಜಕ್ಕ ಫೋನಿನಲ್ಲಿ ಆ ಕೆಮ್ಮು ಕೇಳಿಸಿಕೊಂಡು ಮರುದಿನವೇ ಬಂದಳು. "ನೀ ಒಂದು ತಿಂಗ್ಳು ನಮ್ಮನೇಲಿ ಬಂದು ಇರು. ಇಲ್ಲಿ ಇವ್ರು ಮೋಟ್ರು ನೋಡ್ತಾರೋ ನಿನ್ನ ನೋಡ್ತಾರೋ," ಎಂದು ಬಟ್ಟೆ ಕಟ್ಟಿದಳು. ನೀರಿನ ಮಾತ್ರೆ ನುಂಗಿ ಬಸ್ಸು ಹತ್ತಿದ್ದು ನನ್ನ ಬುದ್ಧಿವಂತಿಕೆ. ಶಿರಾಳಕೊಪ್ಪ ಬರುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ಬಸ್ ನಿಲ್ದಾಣದಲ್ಲಿ ಇಳಿದು ನಾನು ನನ್ನ ಕೆಲಸ ಮುಗಿಸಿ ಬರುವಾಗ ಅಕ್ಕ ಪಕ್ಕದ ಬೀದಿಯ ಗ್ರಂಧಿಗೆ ಅಂಗಡಿಯಲ್ಲಿ ನಿಂತಿದ್ದಳು. ಬೇರು, ತೊಗಟೆ, ಒಣಗಿದ ಕಾಯಿಗಳನ್ನು ಡಬ್ಬಿಗಳಲ್ಲಿ ತುಂಬಿಟ್ಟು ಮಾರುವ ಅಂಗಡಿ. ಇಂಥ ಅಂಗಡಿಗಳ ಬಗ್ಗೆ ನನಗೆ ಇರುವ ತಾತ್ಸಾರ ಅಷ್ಟಿಷ್ಟಲ್ಲ. ಒಳಗೆ ಹೋಗದೆ ಡಬ್ಬಿಗಳಿಗೆ ಬೆನ್ನು ಹಾಕಿ ನಿಂತೆ.

"ಜ್ಯೇಷ್ಠಮಧು ತಗಂಡೆ," ಅಂದಳು ಅಕ್ಕ. "ಅಪ್ಪ ಹಾಡಕ್ಕೆ ಕೂರೋ ಮುಂಚೆ ಬಾಯಲ್ಲಿ ಇಟ್ಕಳ್ತಿದ್ರಲ್ಲ, ಅದೇ. ಕೆಮ್ಮು ನಿಂತೋಗ್ತದೆ."

"ಬೇರು ಗೀರು ಎಲ್ಲ ನಂಬಲ್ಲ ನಾನು."

"ನಂಬಬೇಡ. ಚೀಪು ಸಾಕು."

ಚೀಪಿದೆ. ಸಿಹಿಯಾಗಿತ್ತು. ಗಂಟಲು ತಣ್ಣಗಾಯಿತು, ಕೆಮ್ಮು ಅರ್ಧಕ್ಕರ್ಧ ಇಳಿಯಿತು. ಇಷ್ಟು ದಿನ ಯಾವ ಮಾತ್ರೆಯೂ ನನಗೆ ಹಿತ ಕೊಟ್ಟಿರಲಿಲ್ಲ, ಈ ಕಡ್ಡಿ ಕೊಟ್ಟಿತು. ಸೊರಬದಲ್ಲಿ ಮೂರು ವಾರ ಬೆಳಿಗ್ಗೆ ಸಂಜೆ ಅದರದೇ ಕಷಾಯ, ನಡುನಡುವೆ ಬಾಯಲ್ಲಿ ಕಡ್ಡಿ. ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದೆ. ನಾಡಿ ಎಣಿಸುವುದನ್ನು ಮಾತ್ರ ಎರಡನೆಯ ವಾರಕ್ಕೇ ಬಿಟ್ಟಿದ್ದೆ, ಸುಮ್ಮನೆ ಮಣಿಕಟ್ಟು ಮುಟ್ಟಿ ನೋಡುತ್ತಿದ್ದೆ. ಒಂದು ಬೆಳಿಗ್ಗೆ ಮುಟ್ಟಿದರೆ ಅಡ್ಡಾದಿಡ್ಡಿ ಓಡುತ್ತಿದ್ದ ನಾಡಿ ನೆಟ್ಟಗೆ, ನಿಧಾನವಾಗಿ, ಗಡಿಯಾರದಂತೆ ನಡೆಯುತ್ತಿತ್ತು. ಗುಣವಾಯಿತು ಎಂದು ಖುಷಿಪಟ್ಟೆ.

ಅದೇ ವಾರ ಊಟ ಸೇರದಾಯಿತು. ಅಕ್ಕ ಎಣ್ಣೆ ಜಾಸ್ತಿ ಹಾಕುತ್ತಾಳೆ ಅಂದೆ. ಕಾಲು ಮತ್ತೆ ಊದಿತು, ಅವಳ ಉಪ್ಪಿನಕಾಯಿಯ ಮೇಲೆ ಹಾಕಿದೆ. ಒಂದು ಸಂಜೆ ಹಾಲು ತಂದುಕೊಟ್ಟಳು.

"ಹಾಲಿಗೆ ಅರಿಶಿನ ಹಾಕ್ಬೇಡ ಅಂದಿರ್ಲಿಲ್ವ ಅಕ್ಕಾ?"

"ಎಂತ ಅರಿಶಿನ? ಬರೀ ಹಾಲು ಮಾರಾಯ್ತಿ."

"ಕಣ್ಣಿಗೆ ಕಾಣ್ತಾ ಇದೆ. ಸುಳ್ಳು ಯಾಕೆ ಹೇಳ್ತಿ?"

ಅವಳು ಲೋಟ ನೋಡಿದಳು, ನನ್ನನ್ನು ನೋಡಿದಳು, ಲೋಟ ಹಿಡಿದುಕೊಂಡು ಒಳಗೆ ಹೋದಳು. ವಯಸ್ಸಾಯಿತು, ಹಾಕಿದ್ದೂ ನೆನಪಿರುವುದಿಲ್ಲ ಎಂದು ನಾನು ಕನಿಕರಪಟ್ಟೆ. ಸುಣ್ಣ ಬಳಿದ ಗೋಡೆಯೂ ಹಳದಿಯಾಗಿತ್ತು. ಅದಕ್ಕೆ ಬಣ್ಣ ಹೊಡೆದವನ ಅಭಿರುಚಿಯನ್ನು ಆಡಿಕೊಂಡೆ. ಇಪ್ಪತ್ತೆರಡು ವರ್ಷ ಹಳದಿ ಕಣ್ಣು ಬರೆದವಳು ನಾನು.

ಮರುದಿನ ಬೆಳಿಗ್ಗೆ ಎರಡು ಸಲ ವಾಂತಿಯಾಯಿತು. ಜಗಲಿಯಿಂದ ಏಳಲು ಹೋದವಳು ಕಣ್ಣು ಕತ್ತಲೆ ಬಂದು ಅಲ್ಲೇ ಕುಸಿದೆ. ಅಕ್ಕ ಆಟೋದಲ್ಲಿ ನನ್ನನ್ನು ಸೊರಬದ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಕರೆದೊಯ್ದಳು. ಮಂಚದ ಮೇಲೆ ಮಲಗಿಸಿದರು, ಅಕ್ಕ ಶಿವಮೊಗ್ಗದ ಡಾಕ್ಟರ ಚೀಟಿಯನ್ನು ಅವರಿಗೆ ಕೊಟ್ಟಳು. ವಾಸನೆ ತಡೆಯಲಾರದೆ ಸೆರಗಿನ ಗಂಟಿನಿಂದ ಒಂದು ಕಡ್ಡಿ ತೆಗೆದು ಬಾಯಿಗೆ ಹಾಕಿಕೊಂಡೆ. ಹತ್ತಿರ ಬಂದ ನರ್ಸಿನ ಮಾಸಲು ಹಳದಿ ಯೂನಿಫಾರ್ಮ್ ನೋಡಿ, ಎಂಥ ದರಿದ್ರ ಜಾಗವಪ್ಪ ಎಂದುಕೊಂಡೆ.

"ಮೇಡಂ, ನಾನು ರೇಣುಕಾ. ಶಿಕಾರಿಪುರದಲ್ಲಿ ನಿಮ್ಮ ಸ್ಟೂಡೆಂಟ್."

ನೆನಪಾಯಿತು. ಎಂಟು ವರ್ಷದ ಹಿಂದೆ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದವಳು. ಇಂಗ್ಲಿಷ್ ಬಾರದು, ಬಾಯಿ ತೆರೆಯಳು. ಹೆಸರು ಹಿಡಿದು ಕರೆದದ್ದೇ ಇಲ್ಲ, ಊರಿನ ಹೆಸರಿನಿಂದ ಕರೆಯುತ್ತಿದ್ದೆ.

"ಕುಬಟೂರು," ಅಂದೆ.

"ಹ್ಞೂ ಮೇಡಂ, ಕುಬಟೂರು," ಎಂದು ಅವಳು ನನ್ನ ಮಣಿಕಟ್ಟು ಹಿಡಿದಳು.

ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುತ್ತಾಳೆ, ಎಲ್ಲರೂ ಹಾಗೇ ಮಾಡುವುದು ಎಂದು ನಾನು ಕಾದೆ. ಅವಳು ಬಿಡಲಿಲ್ಲ. ಅರ್ಧ ನಿಮಿಷವಾಯಿತು, ಬಿಡಲಿಲ್ಲ. ಅಕ್ಕ ಏನೋ ಕೇಳಲು ಬಂದರೆ ಇನ್ನೊಂದು ಕೈಯಿಂದ ಸುಮ್ಮನಿರಲು ಸನ್ನೆ ಮಾಡಿದಳು. ಪೂರ್ತಿ ಒಂದು ನಿಮಿಷ.

"ನಲವತ್ತೆರಡು ಮೇಡಂ. ಇವತ್ತು ಡಿಗಾಕ್ಸಿನ್ ತಗಂಡ್ರಾ?"

"ತಗಂಡೆ. ನಾಡಿ ಈಗ ನೆಟ್ಟಗೆ ಹೊಡೀತಾ ಇದೆ ನೋಡು."

"ನಿಮ್ಮ ಕಾಯಿಲೆಗೆ ನೆಟ್ಟಗೆ ಹೊಡೀಬಾರ್ದಲ್ಲ ಮೇಡಂ. ಒಮ್ಮೆಲೇ ನೆಟ್ಟಗಾಗಿ ನಿಧಾನ ಆದ್ರೆ ಮಾತ್ರೆ ವಿಷ ಆಗಿದೆ ಅಂತ ನೀವೇ ಹೇಳಿಕೊಟ್ಟಿದ್ದು."

ನಾನು ಅವಳನ್ನು ನೋಡಿದೆ. "ನಿನ್ನ ಯೂನಿಫಾರ್ಮ್ ಯಾವ ಬಣ್ಣ?"

"ಬಿಳಿ ಮೇಡಂ."

ಆಗ ನನಗೆ ಹೆದರಿಕೆಯಾಯಿತು. ಬೋರ್ಡಿನ ಮೇಲೆ ಬರೆದದ್ದೆಲ್ಲ ಒಂದೊಂದಾಗಿ ನನ್ನ ಮೈಮೇಲೆ ಇದೆ, ಮುಂದಿನ ಸಾಲು ಏನೆಂದೂ ನನಗೆ ಗೊತ್ತು. ಹೃದಯ ನಿಲ್ಲಬಹುದು ಎಂಬುದು ಆ ಸಾಲು. ಸಾಯಲು ನನಗೆ ಸ್ವಲ್ಪವೂ ಇಷ್ಟವಿರಲಿಲ್ಲ.

"ಬಾಯಲ್ಲಿ ಏನಿದೆ ಮೇಡಂ?" ಅಂದಳು ರೇಣುಕಾ.

ಕಡ್ಡಿಯನ್ನು ಅವಳು ಹಿಡಿದ ಹತ್ತಿಯ ಮೇಲೆ ಉಗುಳಿದೆ. ಮೂಸಿ ನೋಡಿದಳು. "ಎಷ್ಟು ದಿನದಿಂದ?"

ಅಕ್ಕ ಹೇಳಿದಳು. "ಮೂರು ವಾರ ಆತು. ಕಷಾಯನೂ ಕೊಟ್ಟೀನಿ. ಎಂತ ಆತಮ್ಮ?"

"ಮೇಡಂ, ಲೈಕೋರೈಸ್ ಅಂತಿದ್ರಲ್ಲ ನೀವು, ಇದೇ ಅದು."

"ಅದು ಅಕ್ಕಿ ಅಲ್ವೇನೇ?"

ಅವಳು ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. "ಅಲ್ಲ ಮೇಡಂ. ಜ್ಯೇಷ್ಠಮಧು," ಎಂದವಳು ಡಾಕ್ಟರನ್ನು ಕರೆಯಲು ಓಡಿದಳು.

ಆ ಬೇರು ಮೈಯಿಂದ ಪೊಟ್ಯಾಸಿಯಂ ಎಂಬ ಲವಣವನ್ನು ಹೊರಗೆ ಹಾಕುತ್ತದೆ, ನೀರಿನ ಮಾತ್ರೆಯೂ ಅದನ್ನೇ ಮಾಡುತ್ತದೆ, ಲವಣ ಇಳಿದರೆ ಡಿಗಾಕ್ಸಿನ್ ಹೃದಯವನ್ನು ಹಿಂಡುತ್ತದೆ. ರಕ್ತ ಪರೀಕ್ಷೆಯಲ್ಲಿ ಅದು ನೆಲ ಕಚ್ಚಿತ್ತು. ಶಿವಮೊಗ್ಗಕ್ಕೆ ಫೋನ್ ಹೋಯಿತು, ಡಿಗಾಕ್ಸಿನ್ ನಿಂತಿತು, ಕೈಗೆ ಡ್ರಿಪ್ ಬಂತು. ಪೊಟ್ಯಾಸಿಯಂ ನರದೊಳಗೆ ಹೋಗುವಾಗ ಕೈಯೆಲ್ಲ ಖಾರದ ಪುಡಿ ಸವರಿದಂತೆ ಉರಿಯುತ್ತದೆ, ಅವಸರ ಮಾಡುವಂತೆಯೂ ಇಲ್ಲ. ರೇಣುಕಾ ಗಳಿಗೆಗೊಮ್ಮೆ ಬಂದು ಹನಿ ಎಣಿಸುತ್ತಿದ್ದಳು, ನಾಡಿ ಎಣಿಸುತ್ತಿದ್ದಳು. ಪ್ರತಿ ಸಲವೂ ಪೂರ್ತಿ ನಿಮಿಷ. ಆ ನಿಮಿಷಗಳಲ್ಲಿ ಮಾತ್ರ ನನ್ನ ಹೆದರಿಕೆ ಇಳಿಯುತ್ತಿತ್ತು.

ಸಂಜೆ ಹೊತ್ತಿಗೆ ನಮ್ಮನೆಯವರು ಬಂದರು. ವಿಷಯ ಕೇಳಿ ಅಕ್ಕನ ಮೇಲೆ ಹರಿಹಾಯ್ದರು. "ಏನ್ರೀ ಅಕ್ಕಾ, ಓದಿದಾಕಿಗೆ ಬೇರು ತಿನ್ನಿಸಿ ಇಲ್ಲಿಗೆ ತಂದು ಮಲಗಿಸಿದ್ರಲ್ರೀ. ನಿಮಗ ಯಾರು ಹೇಳಿದ್ರು ವೈದ್ಯ ಮಾಡಾಕೆ?"

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, "ನಂದೇ ತಪ್ಪು ಮಾರಾಯ್ರೇ, ನಾನೇ ಕೊಲ್ತಿದ್ದೆ," ಅಂದಳು.

ನಾನು ಸುಮ್ಮನಿದ್ದೆ. ಈ ಕಥನದಲ್ಲಿ ನನಗೆ ಬರೆಯಲು ಕಷ್ಟವಾಗುವ ಸಾಲು ಇದೇ. ಮಾತಾಡಲು ಶಕ್ತಿ ಇತ್ತು. ಆದರೂ ತಪ್ಪು ಅಕ್ಕನದೇ ಎಂದು ಉಳಿದುಬಿಟ್ಟರೆ ನನ್ನ ಮರ್ಯಾದೆ ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ. ಓದದವರು, ಬೇರು ಕೊಟ್ಟರು, ಹೀಗಾಯಿತು. ಕೇಳುವವರೆಲ್ಲ ನಂಬುವ ಕಥೆ ಅದು. ಒಂದಿಡೀ ದಿನ ಅವಳು ಬಾಗಿಲ ಬಳಿ ಸ್ಟೂಲಿನ ಮೇಲೆ ಅಳುತ್ತ ಕೂತಿದ್ದಳು, ನಾನು ಗೋಡೆ ನೋಡುತ್ತ ಮಲಗಿದ್ದೆ.

ಮರುದಿನ ಮಧ್ಯಾಹ್ನ ನಾಡಿ ಐವತ್ತೆಂಟಕ್ಕೆ ಬಂದಿತ್ತು. ರೇಣುಕಾ ಎಣಿಸಿ ಕೈ ಬಿಟ್ಟಾಗ ಕೇಳಿದೆ. "ಜ್ಯೇಷ್ಠಮಧು ಅಂತ ನಿನಗೆ ಯಾರು ಹೇಳಿದ್ರು?"

"ಶಿರಾಳಕೊಪ್ಪದಲ್ಲಿ ನಮ್ಮ ಸೋದರಮಾವಂದು ಗ್ರಂಧಿಗೆ ಅಂಗಡಿ ಮೇಡಂ. ಡಬ್ಬಿ ಮೇಲೆ ಇಂಗ್ಲಿಷಲ್ಲೂ ಹೆಸ್ರು ಬರ್ದಿರ್ತಾರೆ. ರಜದಲ್ಲಿ ಹೋದಾಗ ನೋಡಿದ್ದೆ."

"ಆಮೇಲೆ ನೋಡಿದ್ದಾ, ಓದೋವಾಗ್ಲೇ ನೋಡಿದ್ದಾ?"

ಅವಳು ಸ್ವಲ್ಪ ಹಿಂಜರಿದಳು. "ಓದೋವಾಗ್ಲೇ ಮೇಡಂ. ಪರೀಕ್ಷೇಲಿ ಬರ್ದಿದ್ದೆ. ಲೈಕೋರೈಸ್ ಅಂದ್ರೆ ಜ್ಯೇಷ್ಠಮಧು ಅಂತ. ನೀವು ಕೆಂಪು ಪೆನ್ನಲ್ಲಿ ಗೀಟು ಹಾಕಿ, ನೋಟ್ಸ್ ಓದು ಅಂತ ಬರ್ದಿದ್ರಿ. ಅರ್ಧ ಮಾರ್ಕು ಹೋಗಿತ್ತು."

"ನೀನು ಬಂದು ಹೇಳ್ಬಹುದಿತ್ತಲ್ಲ."

"ನಿಮ್ಹತ್ರನಾ ಮೇಡಂ?" ಅಂದಳು. ಕೊಂಕು ಮಾತಲ್ಲ ಅದು. ನಿಜವಾಗಿಯೂ ಕೇಳಿದಳು.

ಸೊರಬಕ್ಕೆ ಬರುವ ದಾರಿಯಲ್ಲಿ ಅದೇ ಶಿರಾಳಕೊಪ್ಪದಲ್ಲಿ ಅಂಥ ಡಬ್ಬಿಗಳಿಗೆ ಬೆನ್ನು ಹಾಕಿ ನಿಂತು ಬಂದಿದ್ದೆ. ನಾನು ನಿಂತದ್ದು ಅವಳ ಮಾವನ ಅಂಗಡಿಯ ಮುಂದೆಯೋ ಬೇರೆಯದೋ ಗೊತ್ತಿಲ್ಲ, ಕೇಳುವ ಧೈರ್ಯವಾಗಲಿಲ್ಲ. ನಮ್ಮನೆಯವರು ಬಂದ ಕೂಡಲೇ ಅಕ್ಕನ ಎದುರಿಗೇ ಹೇಳಿದೆ, ತಪ್ಪು ಅಕ್ಕನದಲ್ಲ, ತಿನ್ನಬಾರದು ಎಂದು ಇಪ್ಪತ್ತೆರಡು ವರ್ಷ ಪಾಠ ಮಾಡಿದವಳು ನಾನು, ಅದೇನೆಂದು ತಿಳಿದುಕೊಳ್ಳದೆ ಅಕ್ಕಿ ಎಂದು ಬರೆಸಿದ್ದೆ. ಅವರು ಸ್ಟೂಲು ಎಳೆದುಕೊಂಡು ಕೂತರು.

"ಅಕ್ಕಿ ಅಂತ ಹೇಳಿದ್ಯಾ?"

"ಹ್ಞೂ."

"ಎಲ್ಲಾರ್ಗೂ?"

"ಎಲ್ಲಾರ್ಗೂ."

ಅವರು ಅಕ್ಕನ ಕಡೆ ತಿರುಗಿ, "ತಪ್ಪಾತ್ರೀ ಅಕ್ಕಾ," ಅಂದರು. ಅಕ್ಕ ಅದನ್ನು ಕೇಳಿಸಿಕೊಳ್ಳದೆ ನನ್ನ ಕಡೆ ಲೋಟ ಚಾಚಿದಳು. "ಹಾಲು. ಯಾವ ಬಣ್ಣ ಇದೆ ನೋಡಿ ಹೇಳು." ಇನ್ನೂ ಸ್ವಲ್ಪ ಹಳದಿ ಇತ್ತು. ಬಿಳಿ ಅಂದೆ.

ರಾಮಿಪ್ರಿಲ್ ಹೋಗಿ ಬೇರೆ ಮಾತ್ರೆ ಬಂತು, ಕೆಮ್ಮು ತಾನಾಗಿಯೇ ನಿಂತಿತು. ಹೃದಯ ದೊಡ್ಡದಾಗಿಯೇ ಇದೆ. ಮೆಟ್ಟಿಲು ಈಗಲೂ ನಿಂತು ನಿಂತು ಹತ್ತುತ್ತೇನೆ. ಬೆಳಿಗ್ಗೆ ಮಾತ್ರೆಗೆ ಮೊದಲು ಗೋಡೆ ಗಡಿಯಾರದ ಮುಂದೆ ಕೂತು ಪೂರ್ತಿ ನಿಮಿಷ ಎಣಿಸುತ್ತೇನೆ. ಕಾಯುವ ಕೋಣೆಯ ಜನರ ಮೇಲೆ ಈಗಲೂ ಸಿಟ್ಟು ಬರುತ್ತದೆ. ಆದರೆ ಬಣ್ಣ ಹೇಳಿ ಮಾತ್ರೆ ನುಂಗುವ ಈಸೂರಿನ ಆ ಹೆಂಗಸು ಯಾರಿಗೂ ತಪ್ಪು ಪಾಠ ಹೇಳಿಕೊಟ್ಟಿಲ್ಲ ಎಂಬುದು ಆಗಾಗ ನೆನಪಾಗುತ್ತದೆ.

ಎರಡು ತಿಂಗಳ ನಂತರ ಶಾಲೆಗೆ ಹೋದೆ. ಮೊದಲ ದಿನವೇ ಆ ಕಡ್ಡಿಯ ಒಂದು ಕಟ್ಟನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಿ ಮೇಜಿನ ಮೇಲೆ ಇಟ್ಟೆ. ಇದೇನು ಎಂದು ಕೇಳಿದೆ.

"ಜ್ಯೇಷ್ಠಮಧು," ಅಂದರು ಎಲ್ಲರೂ ಒಟ್ಟಿಗೆ. ಗೊತ್ತಿಲ್ಲದವಳು ಒಬ್ಬಳೂ ಇರಲಿಲ್ಲ.

"ಇದೇ ಲೈಕೋರೈಸ್. ಡಿಗಾಕ್ಸಿನ್ ತಗೊಳ್ಳೋರು ತಿನ್ನಬಾರದು ಅಂತ ಪುಸ್ತಕದಲ್ಲಿರೋದು ಇದೇ."

ಕೊನೆಯ ಬೆಂಚಿನಲ್ಲಿ ಒಬ್ಬಳು ಅನುಮಾನಿಸುತ್ತ ಎದ್ದು ನಿಂತಳು. ಕೈಯಲ್ಲಿ ರಟ್ಟು ಹರಿದ ಒಂದು ಹಳೆಯ ನೋಟ್ಸ್ ಇತ್ತು. "ಮೇಡಂ, ಇದು ನಮ್ಮಕ್ಕನ ನೋಟ್ಸ್. ಅಕ್ಕ ಈಗ ಹಾರ್ಟ್ ವಾರ್ಡಲ್ಲಿ ಕೆಲ್ಸ ಮಾಡ್ತಾಳ್ರೀ. ಇದ್ರಲ್ಲಿ ಅಕ್ಕಿ ಅಂತ ಐತಲ್ರೀ."

ನನ್ನ ಹುಡುಗಿಯರು ಶಿಕಾರಿಪುರದಲ್ಲಿದ್ದಾರೆ, ಸೊರಬದಲ್ಲಿದ್ದಾರೆ, ಶಿವಮೊಗ್ಗದಲ್ಲಿದ್ದಾರೆ. ಇಪ್ಪತ್ತೆರಡು ತಂಡ. ಎಲ್ಲರ ನೋಟ್ಸಿನಲ್ಲೂ ಅಕ್ಕಿ ಇದೆ. ಅವರು ನೋಡಿಕೊಳ್ಳುವ ಎಷ್ಟು ಮಂದಿ ಕೆಮ್ಮಿಗೆಂದು ಈ ಕಡ್ಡಿ ಚೀಪುತ್ತಿದ್ದಾರೋ ನನಗೆ ಗೊತ್ತಿಲ್ಲ.

"ನಿನ್ನ ಹೆಸರೇನು?" ಎಂದು ಕೇಳಿದೆ.

"ಕವಿತಾ ರೀ ಮೇಡಂ."

"ಕವಿತಾ, ಅದು ತಪ್ಪು. ನಾನು ತಪ್ಪು ಹೇಳಿದ್ದು. ಕೆಂಪು ಪೆನ್ನಲ್ಲಿ ಗೀಟು ಹಾಕು. ಇವತ್ತೇ ನಿಮ್ಮಕ್ಕನಿಗೆ ಫೋನ್ ಮಾಡು. ಅವಳ ಜೊತೆ ಓದಿದವರಿಗೆಲ್ಲ ಮಾಡೋಕೆ ಹೇಳು."

"ಕೆಂಪು ಪೆನ್ನು ಇಲ್ರೀ ಮೇಡಂ."

ಕೊನೆಯ ಬೆಂಚಿನವರೆಗೆ ನಡೆದುಹೋಗಿ ನನ್ನದನ್ನು ಅವಳ ಕೈಗೆ ಕೊಟ್ಟೆ.